ಲೈನ್ ಮನೆಗೆ ಬಂದ ಆಶಾ ಅಕ್ಕನಿಗೆ

ಸೋಮವಾರಪೇಟೆ ಕಡೆಯ ಕಾಫಿ ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಒಂದು ತಿಂಗಳ ಕೂಸಿನ ಕಣ್ಣಪಾಪೆಯಲ್ಲಿ ಬಿಳುಪು ಕಂಡು, ಅಂದೇ ಮಡಿಕೇರಿಯ ಆಸ್ಪತ್ರೆಗೆ ಕಳಿಸಿಕೊಟ್ಟ ಆಶಾ ಕಾರ್ಯಕರ್ತೆ ಅಕ್ಕಾ, ಕೂಸಿನ ಜೊತೆ ಬಂದ ಚೀಟಿಯಲ್ಲಿ ನಿಮ್ಮ ಹೆಸರಿರಲಿಲ್ಲ. ಮಕ್ಕಳ ಕಣ್ಣಿನ ಕೆಲಸದಲ್ಲಿರುವ ನಮ್ಮೆಲ್ಲರ ಧನ್ಯವಾದ ಇಲ್ಲಿಂದಲೇ ಸಲ್ಲಲಿ.

ಅದು ಹುಟ್ಟಿನಿಂದ ಬಂದ ಪೊರೆ. ದೊಡ್ಡವರ ಪೊರೆ ಕೆಲಕಾಲ ಕಾಯಬಹುದು, ಕೂಸಿನದು ಕಾಯುವುದಿಲ್ಲ. ಬೆಳಕು ಒಳಹೋಗದಿದ್ದರೆ ಮಿದುಳು ಆ ಕಣ್ಣಿನಿಂದ ನೋಡುವುದನ್ನೇ ಕಲಿಯುವುದಿಲ್ಲ. ದಟ್ಟ ಪೊರೆ ಒಂದೇ ಕಣ್ಣಿನಲ್ಲಿದ್ದರೆ ಹುಟ್ಟಿದ ಸುಮಾರು 6 ವಾರದೊಳಗೆ, ಎರಡರಲ್ಲೂ ಇದ್ದರೆ ಸುಮಾರು 10 ವಾರದೊಳಗೆ ಶಸ್ತ್ರಚಿಕಿತ್ಸೆ ಆಗಬೇಕು. ಬಿಳುಪಿಗೆ ಕಣ್ಣಿನ ಕ್ಯಾನ್ಸರ್ ಕೂಡ ಕಾರಣವಾಗಿರಬಹುದು. ಅದಕ್ಕೇ ಒಂದು ವಾರ ನೋಡೋಣ ಎನ್ನುವಂತಿಲ್ಲ.

ಕಿಟಕಿಗೆ ಬಟ್ಟೆ ಎಳೆದು, ಕೂಸು ತಾನಾಗಿ ಕಣ್ಣು ಬಿಡುವವರೆಗೆ ಕಾದು, ಟಾರ್ಚನ್ನು ಪಕ್ಕದಿಂದ ತಂದಿರಂತೆ. ಅದೇ ಸರಿಯಾದ ಕ್ರಮ. ರೆಪ್ಪೆ ಬಲವಂತವಾಗಿ ಬಿಡಿಸಹೊರಟರೆ ಕೂಸು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಸೊಪ್ಪಿನ ರಸ ಬಿಡಲು ಬಂದ ಅಜ್ಜಿಯನ್ನು ಗದರದೆ ತಡೆದದ್ದಂತೂ ಬಹಳ ದೊಡ್ಡದು. ಅಂಥ ರಸದಿಂದ ಸೋಂಕು ತಗುಲಿ, ಕಪ್ಪುಗುಡ್ಡೆ ಹುಣ್ಣಾಗಿ, ಮಾಸದ ಬಿಳಿ ಕಲೆ ಉಳಿದುಬಿಡಬಹುದು.

ಇನ್ನೊಂದು ಕೋರಿಕೆ ಅಕ್ಕಾ. ಗರ್ಭದ 34 ವಾರ ತುಂಬುವ ಮುಂಚೆ ಹುಟ್ಟಿದ ಅಥವಾ ಹುಟ್ಟುವಾಗ 2,000 ಗ್ರಾಂಗಿಂತ ಕಡಿಮೆ ತೂಕವಿದ್ದ ಕೂಸು ನಿಮ್ಮ ಪಟ್ಟಿಯಲ್ಲಿದ್ದರೆ, ಕಣ್ಣು ಹೊರಗಿನಿಂದ ಎಷ್ಟೇ ಚೆನ್ನಾಗಿ ಕಂಡರೂ ಹುಟ್ಟಿದ 30 ದಿನದೊಳಗೆ ರೆಟಿನಾ (ಕಣ್ಣಿನ ಹಿಂಭಾಗದ ಪರದೆ) ಪರೀಕ್ಷೆಗೆ ಕಳಿಸಿ. ಇಂಥ ಕೂಸುಗಳ ರೆಟಿನಾಗೆ ಬರಬಹುದಾದ ತೊಂದರೆ ಟಾರ್ಚಿಗೆ ಸಿಕ್ಕುವುದಿಲ್ಲ.