‘ಮತ ಹಾಳಾಗ್ತದೆ’ ಅಂತಾರಲ್ಲ, ಅದರ ಬಗ್ಗೆ: ನಮ್ಮ ಸಂಸದರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಸದರಾದ ವಿಶ್ವೇಶ್ವರ ಹೆಗಡೆ ಕಾಗೇರಿಯವರಿಗೆ,

ಅಂಕೋಲೆಯಿಂದ ಒಬ್ಬ ನಿವೃತ್ತ ಹೈಸ್ಕೂಲ್ ಮಾಸ್ತರನ ನಮಸ್ಕಾರ.

ನಿಮಗೆ ನನ್ನ ಗುರುತು ಇರಲಿಕ್ಕಿಲ್ಲ. ನನಗೆ ನಿಮ್ಮ ಗುರುತು 1994ರಿಂದ ಇದೆ. ಆ ವರ್ಷ ನೀವು ಮೊದಲ ಸಲ ವಿಧಾನಸಭೆಗೆ ಹೋದದ್ದು ನಮ್ಮ ಅಂಕೋಲಾ ಕ್ಷೇತ್ರದಿಂದಲೇ. ಈಗ ಆ ಕ್ಷೇತ್ರವೇ ಇಲ್ಲ. 2008ರ ಚುನಾವಣೆ ಹೊತ್ತಿಗೆ ನಮ್ಮನ್ನು ಕಾರವಾರಕ್ಕೆ ಸೇರಿಸಿದರು, ನೀವು ಶಿರಸಿಗೆ ಹೋದಿರಿ. ಆಮೇಲೆ ಶಿಕ್ಷಣ ಮಂತ್ರಿಯಾದಿರಿ, ನಾವು ನಿಮ್ಮ ಇಲಾಖೆಯ ಸುತ್ತೋಲೆಗಳನ್ನು ಸ್ಟಾಫ್ ರೂಮಿನಲ್ಲಿ ಓದಿಕೊಂಡು ಗೊಣಗಿದೆವು. ಅದಿರಲಿ. ಈ ಪತ್ರ ನಿಮಗೇ ಬರೆಯಲು ಕಾರಣ ಬೇರೆ. ಸ್ಪೀಕರ್ ಆಗಿದ್ದಾಗ ನೀವು ಚುನಾವಣಾ ಸುಧಾರಣೆ ಬಗ್ಗೆ ಸದನದಲ್ಲಿ ವಿಶೇಷ ಚರ್ಚೆ ಇಡಿಸಿದ್ದಿರಿ. ಆ ಮಾತು ಎತ್ತುವ ರಾಜಕಾರಣಿಗಳು ಕಡಿಮೆ. ನನ್ನ ಮಾತೂ ಅದರ ಬಗ್ಗೆಯೇ: ದೊಡ್ಡ ಪಕ್ಷಗಳ ಹೊರಗಿನವರಿಗೆ ಹಾಕಿದ ಮತ ಹಾಳಾಗದ ಹಾಗೆ ಎಣಿಸುವ ಪದ್ಧತಿ ಬೇಕು.

ನಿವೃತ್ತಿಯಾದ ಮೇಲೆ ಒಂದು ವಿಧಾನಸಭಾ ಚುನಾವಣೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪಕ್ಷೇತರನಾಗಿ ನಿಂತ. ದೋಣಿ ಇರುವ ಮನೆಯ ಹುಡುಗ, ಓದಿದವನು, ಊರಿನ ಕೆಲಸಕ್ಕೆ ಕರೆದರೆ ಬರುವವನು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ಪಕ್ಷೇತರನಿಗೆ ಹತ್ತು ಜನ ಬೇಕು ಅನ್ನುವುದು ನನಗೆ ಗೊತ್ತಾದದ್ದು ಅವನಿಂದಲೇ. ಆ ಹತ್ತರಲ್ಲಿ ನಾನೂ ಒಬ್ಬ. ಒಂಬತ್ತನೆಯವರು ಸಹಿ ಹಾಕ್ತೇನೆ ಅಂದು ಬೆಳಿಗ್ಗೆ ಫೋನ್ ಎತ್ತಲಿಲ್ಲ. ಅವರ ಬದಲು ಇನ್ನೊಬ್ಬರನ್ನು ಹುಡುಕಲು ಅರ್ಧ ದಿನ ಹೋಯಿತು. ಹತ್ತು ಸಾವಿರ ಠೇವಣಿ ಅವನೇ ಕಟ್ಟಿದ.

ಚಿಹ್ನೆಗೆ ಹಾಯಿದೋಣಿ ಕೇಳಿದ್ದ. ಅದನ್ನೇ ಇನ್ನೊಬ್ಬರೂ ಕೇಳಿದ್ದರು, ಚೀಟಿ ಎತ್ತಿದಾಗ ಅವರಿಗೆ ಹೋಯಿತು. ಇವನಿಗೆ ಪ್ರೆಶರ್ ಕುಕ್ಕರ್ ಸಿಕ್ಕಿತು. ಮೀನುಗಾರನಿಗೆ ಕುಕ್ಕರ್! ನಾವೆಲ್ಲ ನಕ್ಕೆವು, ಅವನೂ ನಕ್ಕ. ಆದರೆ ನಾಮಪತ್ರ ವಾಪಸ್ ತೆಗೆದುಕೊಳ್ಳುವ ದಿನ ಮುಗಿದ ಮೇಲೆ ಚಿಹ್ನೆ ಕೊಡುತ್ತಾರೆ. ಅಲ್ಲಿಂದ ಮತದಾನಕ್ಕೆ ಉಳಿಯುವುದು ಸುಮಾರು ಎರಡು ವಾರ. ಕಮಲ, ಕೈ ಎರಡನ್ನೂ ಜನ ಹುಟ್ಟಿದಾಗಿನಿಂದ ನೋಡಿದ್ದಾರೆ. ಕುಕ್ಕರನ್ನು ಎರಡು ವಾರದಲ್ಲಿ ಮನೆಮನೆಗೆ ಮುಟ್ಟಿಸಬೇಕು. ಮತಯಂತ್ರದಲ್ಲೂ ಮೊದಲು ಮಾನ್ಯತೆ ಪಡೆದ ಪಕ್ಷಗಳು, ಆಮೇಲೆ ಬರೀ ನೋಂದಣಿಯಾದ ಪಕ್ಷಗಳು, ಕೊನೆಗೆ ಪಕ್ಷೇತರರು. ಅವರ ಕೆಳಗೆ ನೋಟಾ.

ಇದೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಮೀನು ಪೇಟೆಯಲ್ಲಿ ಕೇಳಿದ ಮಾತು. ನಾನು ಇಪ್ಪತ್ತು ವರ್ಷದಿಂದ ಮೀನು ಕೊಳ್ಳುವ ಅಮ್ಮ ಹೇಳಿದರು: ‘ಹುಡುಗ ಒಳ್ಳೆಯವ ಮಾಸ್ತರ್ರೆ. ಆದ್ರೆ ಅವನಿಗೆ ಹಾಕಿದ್ರೆ ಮತ ಹಾಳಾಗ್ತದಲ್ಲ?’ ಆ ವಾರ ಇದೇ ಮಾತನ್ನು ಎಷ್ಟು ಜನರಿಂದ ಕೇಳಿದೆನೋ ಲೆಕ್ಕವಿಲ್ಲ. ಯಾರೂ ಅವನನ್ನು ಬೈಯಲಿಲ್ಲ. ಎಲ್ಲರೂ ಹೊಗಳಿದರು. ಎಣಿಕೆ ದಿನ ಅವನಿಗೆ ಬಂದ ಮತ ಸಾವಿರವೂ ಆಗಲಿಲ್ಲ. ಒಟ್ಟು ಸಿಂಧು ಮತದಲ್ಲಿ ಆರನೇ ಒಂದು ಪಾಲು ಬರದಿದ್ದರೆ ಠೇವಣಿ ಹೋಗುತ್ತದೆ, ಹೋಯಿತು.

ಆ ಅಮ್ಮ ಹೇಳಿದ್ದು ತಪ್ಪೇ? ತಪ್ಪಲ್ಲ ಅನ್ನುವುದೇ ನನ್ನ ತಕರಾರು. ಯಾರಿಗೆ ಜಾಸ್ತಿ ಮತವೋ ಅವರು ಗೆದ್ದರು ಅನ್ನುವ ನಮ್ಮ ಲೆಕ್ಕದಲ್ಲಿ ಅವರ ಎಣಿಕೆ ಸರಿಯಾಗಿಯೇ ಇದೆ. 2023ರಲ್ಲಿ ಕುಮಟೆಯಲ್ಲಿ ಬಿಜೆಪಿ ಮತ್ತು ಜೆಡಿಎಸ್ ನಡುವಿನ ಅಂತರ ಏಳುನೂರು ಮತವೂ ಇರಲಿಲ್ಲ. ಮೂರನೆಯ ಸ್ಥಾನದಲ್ಲಿದ್ದ ಕಾಂಗ್ರೆಸ್ಸಿಗೆ ಬಿದ್ದ ಮತ ಅದರ ಎಷ್ಟೋ ಪಟ್ಟು. ಆ ಕಾಂಗ್ರೆಸ್ ಮತದಾರರಲ್ಲಿ ಯಾರು ಯಾರನ್ನು ಎರಡನೆಯವರಾಗಿ ಒಪ್ಪುತ್ತಿದ್ದರು? ಯಾರೂ ಕೇಳಲಿಲ್ಲ, ಕೇಳುವ ಜಾಗವೇ ಮತಯಂತ್ರದಲ್ಲಿಲ್ಲ. 2018ರಲ್ಲಿ ನಮ್ಮ ಕಾರವಾರದಲ್ಲೂ ಮೂವರ ನಡುವೆ ಜಗ್ಗಾಟ. ಸೋತ ಇಬ್ಬರ ಮತ ಕೂಡಿಸಿದರೆ ಗೆದ್ದವರದ್ದಕ್ಕಿಂತ ಬಹಳ ಜಾಸ್ತಿ. ಇದು ನಮ್ಮ ಕರಾವಳಿಯ ಕಾಯಿಲೆ ಮಾತ್ರ ಅಲ್ಲ. ಅಮೆರಿಕದ 1992ರ ಅಧ್ಯಕ್ಷ ಚುನಾವಣೆಯಲ್ಲಿ ರಾಸ್ ಪೆರೋ ಎನ್ನುವ ಪಕ್ಷೇತರರಿಗೆ ನೂರಕ್ಕೆ ಸುಮಾರು 19 ಮತ ಬಿತ್ತು, ಅಧ್ಯಕ್ಷರನ್ನು ಕೊನೆಗೆ ಆರಿಸುವ ಎಲೆಕ್ಟೋರಲ್ ಕಾಲೇಜಿನಲ್ಲಿ ಸಿಕ್ಕಿದ್ದು ಸೊನ್ನೆ. 2000ದಲ್ಲಿ ಅಧ್ಯಕ್ಷರು ಯಾರು ಅಂತ ತೀರ್ಮಾನಿಸಿದ ಫ್ಲಾರಿಡಾ ರಾಜ್ಯದ ಫಲಿತಾಂಶ ನಿಂತದ್ದು 537 ಮತದ ಮೇಲೆ. ಅಲ್ಲಿ ಮೂರನೆಯವರಾಗಿ ನಿಂತ ರಾಲ್ಫ್ ನೇಡರ್ ಪಡೆದದ್ದು 97 ಸಾವಿರಕ್ಕೂ ಹೆಚ್ಚು. ಅಲ್ಲಿನವರು ಇವತ್ತಿಗೂ ಆ ಮನುಷ್ಯನನ್ನು ಬೈಯುತ್ತಾರೆ. ಎಣಿಸುವ ಪದ್ಧತಿಯನ್ನು ಬೈಯುವವರು ಕಡಿಮೆ.

ನಮ್ಮಲ್ಲಿ ಪಕ್ಷಗಳಿಗೆ ಬರವಿಲ್ಲ ಅಂತ ನೀವು ಹೇಳಬಹುದು. ಹೌದು, ದೇಶದಲ್ಲಿ ಬೇಕಾದಷ್ಟಿವೆ. ಆದರೆ ಒಂದೊಂದು ಕ್ಷೇತ್ರದೊಳಗೆ ಇಳಿದು ನೋಡಿದರೆ ಹೆಚ್ಚಿನ ಸಲ ಕೊನೆಗೆ ಉಳಿಯುವುದು ಎರಡೇ. ಮೂರನೆಯದೊಂದು ನಮ್ಮ ರಾಜ್ಯದಲ್ಲಿ ಇತ್ತಲ್ಲ, ತೆನೆ ಹೊತ್ತ ಮಹಿಳೆಯ ಜೆಡಿಎಸ್? 2019ರ ಲೋಕಸಭೆಗೆ ಅದು ಕಾಂಗ್ರೆಸ್ ಜೊತೆ ಸೇರಿತು, ನಮ್ಮ ಕ್ಷೇತ್ರ ಅದರ ಪಾಲಿಗೆ ಹೋಯಿತು. ಹಾಗಾಗಿ ನಮ್ಮ ಕ್ಷೇತ್ರದ ಮತಯಂತ್ರದಲ್ಲಿ ಕೈ ಚಿಹ್ನೆಯೇ ಇರಲಿಲ್ಲ. ಜೀವಮಾನವಿಡೀ ಕೈಗೆ ಹಾಕಿದ ನನ್ನ ಚಿಕ್ಕಪ್ಪ ಬೂತಿನಿಂದ ಬಂದು, ‘ಏನೋ ಒಂದು ಒತ್ತಿ ಬಂದೆ’ ಅಂದಿದ್ದರು. 2024ಕ್ಕೆ ಅದೇ ಪಕ್ಷ ನಿಮ್ಮ ಬಿಜೆಪಿ ಜೊತೆ.

ಹಾಗಂತ ಪಕ್ಷೇತರರು ಇಲ್ಲಿ ಗೆದ್ದೇ ಇಲ್ಲ ಅಂತಲ್ಲ. 1967ರಲ್ಲಿ ನೀವು ಈಗ ಕುಳಿತ ಸ್ಥಾನಕ್ಕೆ ಈ ಜಿಲ್ಲೆ ಕಳಿಸಿದ್ದು ಪಕ್ಷೇತರರಾದ ದಿನಕರ ದೇಸಾಯಿಯವರನ್ನು. ಗೇಣಿದಾರರ ಪರ ನಿಂತು ಬ್ರಿಟಿಷರಿಂದ ಜಿಲ್ಲೆಯಿಂದಲೇ ಗಡಿಪಾರಾದವರು, ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಶಾಲೆ ಕಾಲೇಜು ತೆರೆದವರು. ನನ್ನ ಓರಗೆಯ ಎಷ್ಟೋ ಜನ ಅಕ್ಷರ ಕಲಿತದ್ದು ಅವರಿಂದ. ಅವರಿಗೆ ಪಕ್ಷದ ಚಿಹ್ನೆ ಬೇಕಾಗಲಿಲ್ಲ. ಆದರೆ ಅಷ್ಟು ದುಡಿದವರಿಗೆ ಮಾತ್ರ ಗೆಲುವು ಸಾಧ್ಯ ಅಂದರೆ ಬಾಗಿಲು ತೀರಾ ಸಣ್ಣದಾಯಿತು ಅಲ್ವಾ? 2013ರಲ್ಲಿ ಕಾರವಾರ, ಭಟ್ಕಳ ಎರಡೂ ಕಡೆ ಪಕ್ಷೇತರರು ಗೆದ್ದರು. ಇಬ್ಬರೂ ಮುಂದಿನ ಚುನಾವಣೆಗೆ ಕಾಂಗ್ರೆಸ್ ಟಿಕೆಟ್ ಮೇಲೆ ನಿಂತರು. ಅವರನ್ನು ದೂರಲು ಇದನ್ನು ಬರೆಯುತ್ತಿಲ್ಲ. ಒಂಟಿ ದೋಣಿಯಲ್ಲಿ ಎಷ್ಟು ದೂರ ಹೋಗಬಹುದು ಅನ್ನುವುದು ಅವರಿಗೂ ಅರ್ಥವಾಗಿರಬೇಕು.

ಎರಡೇ ಬಾಗಿಲು ಇದ್ದರೆ ಏನಾಗುತ್ತದೆ ಅಂತ ಕರಾವಳಿಯಲ್ಲಿ ಕಣ್ಣಾರೆ ನೋಡಿದ್ದೇವೆ. 2022ರ ಜುಲೈಯಲ್ಲಿ ಹೊನ್ನಾವರದಿಂದ ಕುಂದಾಪುರದ ಕಡೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಪಲ್ಟಿಯಾಗಿ ನಾಲ್ಕು ಜೀವ ಹೋಯಿತು. ದೊಡ್ಡ ಆಸ್ಪತ್ರೆ ಬೇಕು ಅಂತ ಜಿಲ್ಲೆಯ ಹುಡುಗರು ಮೊಬೈಲಿನಲ್ಲಿ ಕೂಗಿದರು. ಆಸ್ಪತ್ರೆ ಇಲ್ಲದಿದ್ದರೆ ವೋಟಿಲ್ಲ ಅಂದರು. ಗಮನಿಸಿ, ಬೇರೆಯವರಿಗೆ ಹಾಕ್ತೇವೆ ಅನ್ನಲಿಲ್ಲ. ಹಾಕುವುದೇ ಇಲ್ಲ ಅಂದರು. ಹೊನ್ನಾವರದ ಕಾಸರಕೋಡ ಟೊಂಕದ ಬಂದರು ಯೋಜನೆಯ ವಿರುದ್ಧ ಮೀನುಗಾರರು ಬೀದಿಗೆ ಬಂದದ್ದು ಬೆಂಗಳೂರಿನಲ್ಲಿ ಕಮಲ ಇದ್ದಾಗಲೂ ಹೌದು, ಕೈ ಬಂದ ಮೇಲೂ ಹೌದು. ಬಂದರು ಬೇಕೋ ಬೇಡವೋ ಅನ್ನುವುದು ಬೇರೆ ಚರ್ಚೆ. ಬೇಡ ಅನ್ನುವವನು ಯಾವ ಗುಂಡಿ ಒತ್ತಬೇಕು, ಹೇಳಿ. ನೋಟಾ? ನೋಟಾಗೆ ಎಲ್ಲರಿಗಿಂತ ಹೆಚ್ಚು ಮತ ಬಿದ್ದರೂ ನಂತರದ ಅಭ್ಯರ್ಥಿಯೇ ಗೆದ್ದಂತೆ. 2013ರಲ್ಲಿ ಸುಪ್ರೀಂ ಕೋರ್ಟ್ ಕೊಡಿಸಿದ ಗುಂಡಿ ಅದು, ಒತ್ತಿದರೆ ಬೀಪ್ ಅನ್ನುತ್ತದೆ, ಅಷ್ಟೇ.

ಇದಕ್ಕೆ ಮದ್ದು ಹುಡುಕಲು ದೂರ ಹೋಗಬೇಕಿಲ್ಲ. ನಾನು ಸೇವೆಯಲ್ಲಿದ್ದಾಗ ವಿಧಾನ ಪರಿಷತ್ತಿನ ಪಶ್ಚಿಮ ಶಿಕ್ಷಕರ ಕ್ಷೇತ್ರಕ್ಕೆ ಮತ ಹಾಕುತ್ತಿದ್ದೆ. ಅಲ್ಲಿ ಒಬ್ಬರ ಹೆಸರಿನ ಮುಂದೆ 1 ಅಂತ ಬರೆಯುತ್ತೇವೆ. ಬೇಕಾದರೆ ಇನ್ನೊಬ್ಬರ ಮುಂದೆ 2, ಮತ್ತೊಬ್ಬರ ಮುಂದೆ 3. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಕೊನೆಯಲ್ಲಿರುವವರನ್ನು ತೆಗೆದು, ಅವರ ಮತಪತ್ರದಲ್ಲಿ 2 ಯಾರಿಗಿದೆಯೋ ಅವರಿಗೆ ಸೇರಿಸುತ್ತಾರೆ. ಪ್ರಾಶಸ್ತ್ಯದ ಮತ ಅಂತ ಹೆಸರು. ರಾಷ್ಟ್ರಪತಿ ಚುನಾವಣೆ, ರಾಜ್ಯಸಭೆ ಚುನಾವಣೆ ಎರಡರಲ್ಲೂ ಹೀಗೇ ಅಂಕಿ ಬರೆಯುವುದು. ಆಸ್ಟ್ರೇಲಿಯಾದಲ್ಲಿ 1918ರಿಂದ ಸಾಮಾನ್ಯ ಜನರೂ ಇದೇ ಥರ ಮತ ಹಾಕುತ್ತಿದ್ದಾರೆ. ಶಾಸಕರಿಗೆ, ಸಂಸದರಿಗೆ, ಮಾಸ್ತರರಿಗೆ ಇರುವ ಎರಡನೆಯ ಆಯ್ಕೆ ಮೀನು ಮಾರುವ ಅಮ್ಮನಿಗೆ ಯಾಕಿಲ್ಲ? ಇದ್ದಿದ್ದರೆ ಅವರು ಕುಕ್ಕರಿಗೆ 1, ತಮ್ಮ ಪಕ್ಷಕ್ಕೆ 2 ಹಾಕಿ ನೆಮ್ಮದಿಯಿಂದ ಪೇಟೆಗೆ ಹೋಗುತ್ತಿದ್ದರು.

ಇದರಲ್ಲಿ ತೊಂದರೆಯೂ ಇದೆ, ಮುಚ್ಚಿಡುವುದಿಲ್ಲ. ಎಣಿಕೆ ನಿಧಾನ. ಆಯೋಗದವರು ಕೊಟ್ಟ ನೇರಳೆ ಪೆನ್ನಲ್ಲೇ ಬರೆಯಬೇಕು, ಅಂಕಿ ಬಿಟ್ಟು ಟಿಕ್ ಹಾಕಿದರೆ ಮತ ತಿರಸ್ಕೃತ. ಮಕ್ಕಳ ಉತ್ತರ ಪತ್ರಿಕೆ ತಿದ್ದುವ ನಮ್ಮ ಮಾಸ್ತರರೇ ಅಭ್ಯಾಸಬಲದಿಂದ ಟಿಕ್ ಹಾಕಿ ಬರುತ್ತಾರೆ, ನಗಬೇಡಿ. ಯಂತ್ರದಲ್ಲಿ ಹೇಗೆ ಮಾಡುವುದು ಅನ್ನುವುದಕ್ಕೆ ಎಂಜಿನಿಯರುಗಳು ತಲೆ ಕೆಡಿಸಿಕೊಳ್ಳಬೇಕು. ಸಣ್ಣ ಪಕ್ಷಗಳು ಜಾಸ್ತಿಯಾದರೆ ಸರ್ಕಾರ ನಿಲ್ಲುವುದಿಲ್ಲ ಅನ್ನುವ ಮಾತೂ ಇದೆ. ಆದರೆ ಎರಡು ಪಕ್ಷದ ಲೆಕ್ಕದಲ್ಲೂ ಎಷ್ಟು ಸರ್ಕಾರ ಬಿದ್ದವು, ಎಷ್ಟು ಶಾಸಕರು ರಾಜೀನಾಮೆ ಕೊಟ್ಟು ಇನ್ನೊಂದು ಕಡೆಯಿಂದ ನಿಂತರು ಅನ್ನುವುದು ಸ್ಪೀಕರ್ ಕುರ್ಚಿಯಲ್ಲಿ ಕೂತ ನಿಮಗೆ ನಾನು ಹೇಳಬೇಕೇ?

ನಾನು ಕೇಳುವುದು ಎರಡು. ಒಂದು, ಲೋಕಸಭೆಯಲ್ಲಿ ಶುಕ್ರವಾರ ಮಧ್ಯಾಹ್ನ ಖಾಸಗಿ ಸದಸ್ಯರ ಮಸೂದೆಗೆ ಸಮಯ ಇರುತ್ತದೆ. ಪ್ರಾಶಸ್ತ್ಯದ ಮತದ ಬಗ್ಗೆ ನೀವೊಂದು ಮಸೂದೆ ತನ್ನಿ. ಅಂಥವು ಪಾಸಾಗುವುದು ಅಪರೂಪ ಅನ್ನುವುದು ಗೊತ್ತು. ಚರ್ಚೆ ದಾಖಲೆಯಲ್ಲಿ ಉಳಿದರೂ ಸಾಕು.

ಎರಡು, ಅಂಕೋಲೆಗೆ ಒಂದು ದಿನ ಬನ್ನಿ. ನಾವು ಹಳೆಯ ಮಾಸ್ತರರು ಸೇರಿ ಒಂದು ಅಣಕು ಚುನಾವಣೆ ಮಾಡುತ್ತೇವೆ. ಆರು ಅಭ್ಯರ್ಥಿಗಳು, ಆರು ಮೀನಿನ ಹೆಸರು: ಬಂಗಡೆ, ಇಸ್ವಾಣ, ತಾರ್ಲೆ ಹೀಗೆ. (ನಿಮ್ಮಂಥ ಸಸ್ಯಾಹಾರಿಗಳಿಗೆ ಬೇಕಾದರೆ ಮಾವಿನಹಣ್ಣಿನದೊಂದು ಮತಪತ್ರವೂ ಇರಲಿ. ಕರಿ ಇಶಾಡು ಗೆದ್ದರೆ ನಾವು ಜವಾಬ್ದಾರರಲ್ಲ.) ಪೇಟೆಯ ಅಮ್ಮಂದಿರೇ 1, 2, 3 ಬರೆಯಲಿ, ಬರೆಯಲು ಬಾರದವರು ಬಾಯಲ್ಲಿ ಹೇಳಲಿ. ಎದುರಿಗೇ ಎಣಿಸೋಣ. ಮೊದಲ ಸುತ್ತಿನಲ್ಲಿ ಮುಂದಿದ್ದವರೇ ಕೊನೆಗೂ ಗೆಲ್ಲುತ್ತಾರೋ ಇಲ್ಲವೋ ನೀವೇ ನೋಡಿ.

ಮಳೆಗಾಲ ಮುಗಿದ ಮೇಲಿನ ಒಂದು ಭಾನುವಾರ ಕೊಡಿ. ಮಳೆಗಾಲದಲ್ಲಿ ನಮ್ಮ ಹೆದ್ದಾರಿ ಯಾವಾಗ ಬಂದ್ ಆಗ್ತದೆ ಅಂತ ಹೇಳಲಿಕ್ಕೆ ಬರುವುದಿಲ್ಲ.

ಇತಿ ನಿಮ್ಮ ಕ್ಷೇತ್ರದ ಮತದಾರ,
ಒಬ್ಬ ನಿವೃತ್ತ ಮಾಸ್ತರ, ಅಂಕೋಲಾ