ವೇಗ ಹೆಚ್ಚಿಸುವ ಮೊದಲು ಉಳಿದ ಮನೆಗಳಿಗೆ ಇಂಟರ್ನೆಟ್: ದೀಪಾವಳಿಯಿಂದ ಆಗುವ ಬದಲಾವಣೆ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಬರುವ ದೀಪಾವಳಿ ಪಾಡ್ಯದಿಂದ ನಮ್ಮ ಫೈಬರ್ ಇಂಟರ್ನೆಟ್ ಪ್ಲಾನ್‌ಗಳಲ್ಲಿ ಕೆಲವು ಬದಲಾವಣೆ ಮಾಡುತ್ತಿದ್ದೇವೆ. ನೀವು ಈಗ ಕಟ್ಟುತ್ತಿರುವ ಬಿಲ್ ಒಂದು ರೂಪಾಯಿಯೂ ಏರುವುದಿಲ್ಲ. ಆದರೆ ನಿಮ್ಮಲ್ಲಿ ಹಲವರು ಕೇಳುತ್ತಿದ್ದ ಹಾಗೆ 50 ಎಂಬಿಪಿಎಸ್ ವೇಗವನ್ನು 100ಕ್ಕೆ ಏರಿಸುವ ಕೆಲಸ ಈ ವರ್ಷ ಆಗುವುದಿಲ್ಲ. ಅದಕ್ಕೆಂದು ತೆಗೆದಿಟ್ಟ ಹಣವನ್ನು, ಇನ್ನೂ ಕನೆಕ್ಷನ್ ಪಡೆಯದ ಮನೆಗಳಿಗೆ ಇಂಟರ್ನೆಟ್ ಮುಟ್ಟಿಸಲು ಹಾಕುತ್ತಿದ್ದೇವೆ. ಯಾಕೆ ಎಂದು ನಿಮಗೆ ಬಿಡಿಸಿ ಹೇಳಬೇಕು.

ಶಿರಸಿ, ಸಿದ್ದಾಪುರ ಕಡೆಯ ಈ ಹಳ್ಳಿಗಳಲ್ಲಿ ಕಂಬದ ಮೇಲಿರುವ ನಮ್ಮ ಕಪ್ಪು ಡಬ್ಬಿಗಳನ್ನು ನೀವು ನೋಡಿಯೇ ಇರುತ್ತೀರಿ. ಅದರೊಳಗಿರುವುದು ಸ್ಪ್ಲಿಟರ್. ಮುಖ್ಯ ಲೈನಿನ ಒಂದು ಫೈಬರ್ ಅಲ್ಲಿ ಎಂಟಾಗಿ ಕವಲೊಡೆದು ಎಂಟು ಮನೆಗೆ ಹೋಗಬಹುದು. ತೋಟದ ಅಂಚಿನ ಎಷ್ಟೋ ಡಬ್ಬಿ ತೆರೆದು ನೋಡಿದರೆ ಮೂರು ಪೋರ್ಟಿಗೆ ಮಾತ್ರ ಕೇಬಲ್ ಸಿಕ್ಕಿಸಿರುತ್ತದೆ. ಉಳಿದ ಐದಕ್ಕೆ ಧೂಳು ಹೋಗದಂತೆ ಮುಚ್ಚಳ ಹಾಕಿಟ್ಟಿರುತ್ತೇವೆ. ಅಲ್ಲಿಯವರೆಗೆ ಫೈಬರ್ ಎಳೆದ ಖರ್ಚು, ಕಂಬದ ಬಾಡಿಗೆ, ಆಷಾಢದ ಗಾಳಿಗೆ ಮರ ಬಿದ್ದಾಗ ಲೈನ್ ಜೋಡಿಸುವ ಕೂಲಿ, ಎಲ್ಲವೂ ಮೂರು ಮನೆಯಿದ್ದರೂ ಅಷ್ಟೇ, ಎಂಟಿದ್ದರೂ ಅಷ್ಟೇ. ಖಾಲಿ ಉಳಿದ ಐದು ಪೋರ್ಟಿನ ಖರ್ಚನ್ನು ಈಗ ಮೂರು ಮನೆಯವರೇ ಹೊರುತ್ತಿದ್ದೀರಿ. ಅವು ತುಂಬಿದರೆ ನಿಮ್ಮ ಬಿಲ್ ಏರದಂತೆ ಹಿಡಿದಿಡಬಹುದು, ಮಳೆಗಾಲಕ್ಕೆ ಇನ್ನೊಬ್ಬ ಲೈನ್‌ಮ್ಯಾನ್ ಇಟ್ಟುಕೊಳ್ಳಬಹುದು. ಮೊದಲ ಕಾರಣ ಈ ಲೆಕ್ಕ.

ಲೈನ್ ಹಾಕಿದ ಮೇಲೆ ಜನ ತಾವಾಗಿಯೇ ಬರುತ್ತಾರೆ ಎಂಬ ನಂಬಿಕೆ ದೇಶದಲ್ಲೆಲ್ಲ ಇತ್ತು. 2011ರಲ್ಲಿ ಮಂಜೂರಾಗಿ, ಆಮೇಲೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯ ಗುರಿ ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸುವುದು. ಅದು ಬಹಳ ದೊಡ್ಡ ಕೆಲಸ, ಆಗಲೇಬೇಕಾದ ಕೆಲಸ. ಆದರೆ ಪಂಚಾಯಿತಿ ಕಟ್ಟಡಕ್ಕೆ ಫೈಬರ್ ಬಂತೆಂದು ಎದುರುಮನೆಯವರು ಕನೆಕ್ಷನ್ ಹಾಕಿಸುವುದಿಲ್ಲ. ಜಗತ್ತಿನ ಲೆಕ್ಕವೂ ಹೀಗೇ ಇದೆ. ಇಂಟರ್ನೆಟ್ ಬಳಸದೇ ಇರುವವರಲ್ಲಿ ಹೆಚ್ಚಿನವರು ವಾಸವಿರುವುದು ಮೊಬೈಲ್ ಇಂಟರ್ನೆಟ್ ಸಿಗುವ ಜಾಗದಲ್ಲೇ.

ಹಾಗಾದರೆ ಯಾಕೆ ತೆಗೆದುಕೊಳ್ಳುವುದಿಲ್ಲ? ನಮ್ಮ ಹುಡುಗರು ಮನೆಮನೆಗೆ ಹೋಗಿ ಕೇಳಿದಾಗ ಒಬ್ಬ ಅಮ್ಮ, "ನಮಗೆಂತಕ್ಕೆ ತಮಾ ಅದು? ಮಗ ಬಂದಾಗ ಅವನ ಮೊಬೈಲಲ್ಲೇ ಇರ್ತದಲ" ಎಂದರು. ಮಾತು ಮುಂದುವರಿದಾಗ ಅಡಿಕೆ ಬೆಳೆ ವಿಮೆಯ ವಿಷಯ ಬಂತು. ಅವರ ಅರ್ಜಿ ಏನಾಯಿತು ಎಂದು ತಿಳಿಯಲು ಅವರ ಯಜಮಾನರು ತೋಟದ ಕೆಲಸ ಬಿಟ್ಟು ಬಸ್ಸಿನಲ್ಲಿ ಪೇಟೆಗೆ ಹೋಗಿದ್ದರು. ನಮ್ಮ ಹುಡುಗ ಜಗುಲಿಯಲ್ಲಿ ಕೂತು ಬೆಳೆ ವಿಮೆಯ ಸಂರಕ್ಷಣೆ ಜಾಲತಾಣ ತೆರೆದು ಅರ್ಜಿಯ ಸ್ಥಿತಿ ತೋರಿಸಿದ. ಆಮೇಲೆ ಪಹಣಿಯನ್ನೂ ತೆಗೆದು ಕೊಟ್ಟ. ಅಲ್ಲಿಂದ ಅಮ್ಮನ ಪ್ರಶ್ನೆಗಳೇ ಬೇರೆಯಾದವು: ತಿಂಗಳಿಗೆಷ್ಟು, ಕರೆಂಟ್ ಹೋದರೆ ನಡೆಯುತ್ತದೋ, ವಿಡಿಯೋ ಕಾಲಿನಲ್ಲಿ ಮೊಮ್ಮಗನ ಮುಖ ಕಡಿದು ಕಡಿದು ಬರುವುದು ನಿಲ್ಲುತ್ತದೋ. ಬೇಡ ಎನ್ನುವ ಬಹಳಷ್ಟು ಮನೆಗಳಲ್ಲಿ ಅಡ್ಡಿ ಇರುವುದು ಇಲ್ಲಿ. ಇಂಟರ್ನೆಟ್‌ನಿಂದ ತಮ್ಮ ಯಾವ ಕೆಲಸ ಹಗುರವಾಗುತ್ತದೆ ಎಂದು ಯಾರೂ ಅವರ ಜಗುಲಿಯಲ್ಲಿ ಕೂತು ತೋರಿಸಿಲ್ಲ.

ದುಡ್ಡಿನ ಅಡ್ಡಿಯೂ ಇದೆ, ಅದನ್ನು ಸಣ್ಣದು ಎನ್ನಲಾರೆವು. ಆರಂಭದ ಪ್ಲಾನಿನ ದರ ತಿಂಗಳ ತಲಾ ರಾಷ್ಟ್ರೀಯ ಆದಾಯದ ಶೇ. 2ಕ್ಕಿಂತ ಕಡಿಮೆ ಇರಬೇಕು ಎಂದು ವಿಶ್ವಸಂಸ್ಥೆಯ ಬ್ರಾಡ್‌ಬ್ಯಾಂಡ್ ಆಯೋಗ 2018ರಲ್ಲಿ ಗುರಿ ಇಟ್ಟಿತ್ತು. ಸರಾಸರಿಯ ಲೆಕ್ಕ ಕೂಲಿ ಮಾಡುವ ಮನೆಗೆ ಹೊಂದುವುದಿಲ್ಲ. ಅಡಿಕೆ ಸುಲಿಯುವ ದಿನಗಳಲ್ಲಿ ಕೈಯಲ್ಲಿ ಹಣ ಓಡಾಡುವ ಮನೆಯಲ್ಲೇ ಮಳೆಗಾಲದಲ್ಲಿ ಕೈ ಖಾಲಿ. ತೋಟದವರಿಗೆ ಹಣ ಬರುವುದು ಅಡಿಕೆ ಮಾರಿದಾಗ, ಹೈನು ಇರುವವರಿಗೆ ಹಾಲಿನ ಬಟವಾಡೆಯ ದಿನ. ನಮ್ಮ ಬಿಲ್ ಮಾತ್ರ ಎಲ್ಲರಿಗೂ ಒಂದನೇ ತಾರೀಖಿಗೇ ಹೋಗಿ ನಿಲ್ಲುತ್ತಿತ್ತು. ಮೇಲಿಂದ ಮುಂಗಡವಾಗಿ ರೂಟರಿನ ಡಿಪಾಸಿಟ್ ಬೇರೆ.

ಇನ್ನು ಮುಂದೆ ಹೊಸ ಕನೆಕ್ಷನ್‌ಗೆ ಡಿಪಾಸಿಟ್ ಇರುವುದಿಲ್ಲ. ರೂಟರ್ ನಮ್ಮದೇ ಆಗಿರುತ್ತದೆ, ಬೇಡವೆಂದ ದಿನ ವಾಪಸ್ ಕೊಟ್ಟರಾಯಿತು. ಈಗಾಗಲೇ ಡಿಪಾಸಿಟ್ ಕಟ್ಟಿದವರ ಹಣವನ್ನು ಮುಂದಿನ ಬಿಲ್‌ಗಳಲ್ಲಿ ಹೊಂದಿಸಿಕೊಡುತ್ತೇವೆ. 15 ಎಂಬಿಪಿಎಸ್‌ನ ಸಣ್ಣ ಪ್ಲಾನ್ ಒಂದನ್ನು ಶುರು ಮಾಡುತ್ತಿದ್ದೇವೆ. ತಿಂಗಳಿಗೆ 250 ರೂಪಾಯಿ, ಶೇ. 18ರ ಜಿಎಸ್‌ಟಿ ಸೇರಿ 295. ಎಚ್‌ಡಿ ವಿಡಿಯೋಗೆ ಸುಮಾರು 5 ಎಂಬಿಪಿಎಸ್ ಸಾಕು, ಹಾಗಾಗಿ ಟಿವಿಯೊಂದು, ಮೊಬೈಲ್ ಎರಡು ಇರುವ ಮನೆಗೆ ಇದರಲ್ಲಿ ಕೊರತೆಯಾಗದು. ಇದನ್ನೇ ವಾರಕ್ಕೆ 75 ರೂಪಾಯಿಯಂತೆಯೂ ಕಟ್ಟಬಹುದು. ಕಟ್ಟದ ವಾರ ಲೈನ್ ನಿಲ್ಲುತ್ತದೆ, ದಂಡವಿಲ್ಲ, ಮತ್ತೆ ಚಾಲೂ ಮಾಡಲು ಶುಲ್ಕವಿಲ್ಲ. ಅಡಿಕೆ ಮಾರಿದ ಮೇಲೆ ಆರು ತಿಂಗಳದ್ದನ್ನು ಒಟ್ಟಿಗೆ ಕಟ್ಟುವ ಸೌಲಭ್ಯ ಹಳೇ ಗ್ರಾಹಕರಿಗೂ ಇದೆ.

ಮನೆಗೆ ಕನೆಕ್ಷನ್ ಬೇಡ ಎನ್ನುವವರಿಗಾಗಿ ಹಾಲಿನ ಡೇರಿ, ಕಿರಾಣಿ ಅಂಗಡಿಗಳ ಹತ್ತಿರ ವೈಫೈ ಇಡುತ್ತಿದ್ದೇವೆ. ಕೇಂದ್ರ ಸಂಪುಟ 2020ರ ಡಿಸೆಂಬರ್‌ನಲ್ಲಿ ಒಪ್ಪಿದ ಪಿಎಂ-ವಾಣಿ ಎಂಬ ಸಾರ್ವಜನಿಕ ವೈಫೈ ವ್ಯವಸ್ಥೆಯಲ್ಲಿ ಅಂಗಡಿಯವರು ಲೈಸೆನ್ಸ್ ಇಲ್ಲದೆ, ಶುಲ್ಕ ಕಟ್ಟದೆ ಹೀಗೆ ಇಂಟರ್ನೆಟ್ ಮಾರಬಹುದು. ಅಂಥ ಅಂಗಡಿಗೆ ಕೊಡುವ ಫೈಬರ್ ಲೈನಿನ ದರ ಮನೆ ದರದ ಎರಡು ಪಟ್ಟು ಮೀರಬಾರದು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2025ರಲ್ಲಿ ಮಿತಿ ಹಾಕಿದ ಮೇಲೆ ಸಣ್ಣ ಅಂಗಡಿಗೂ ಇದು ಗಿಟ್ಟುವ ಹಾಗಾಗಿದೆ.

ಇದಕ್ಕಿಂತ ನಮಗೆ ಮುಖ್ಯವೆನಿಸಿದ್ದು ಕಲಿಸುವ ಕೆಲಸ. ಊರಿನವರೇ ಆದ ಇಬ್ಬರು ಯುವತಿಯರನ್ನು ಇದಕ್ಕಾಗಿ ನೇಮಿಸಿಕೊಂಡಿದ್ದೇವೆ. ಹೊಸ ಕನೆಕ್ಷನ್ ಕೊಟ್ಟ ಮನೆಗೆ ಅವರು ಬಂದು ಪಹಣಿ ತೆಗೆಯುವುದು, ಅಡಿಕೆ ಧಾರಣೆ ನೋಡುವುದು, ಕೊಳೆ ರೋಗ ಬಂದ ಗೊನೆಯ ಫೋಟೋ ತೆಗೆದು ತಜ್ಞರಿಗೆ ಕಳಿಸುವುದು, ವಿಡಿಯೋ ಕಾಲ್ ಮಾಡುವುದು, ಎಲ್ಲವನ್ನೂ ಕನ್ನಡದಲ್ಲೇ, ನಿಮ್ಮ ಮೊಬೈಲಿನಲ್ಲೇ ಹೇಳಿಕೊಡುತ್ತಾರೆ. ಓಟಿಪಿ ಯಾರಿಗೂ ಹೇಳಬಾರದು, ಮೋಸ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು ಎಂಬುದು ಮೊದಲ ಪಾಠ. ಹಣ ಹೋದೀತೆಂಬ ಹೆದರಿಕೆಯಿಂದಲೇ ದೂರ ನಿಂತವರು ಬಹಳ ಮಂದಿ ಇದ್ದಾರೆ, ಆ ಹೆದರಿಕೆ ಸುಳ್ಳಲ್ಲ. ಕಲಿಸುವಾಗ ಮೊಬೈಲ್ ಮನೆಯ ಹೆಂಗಸರ ಕೈಯಲ್ಲೇ ಇರಲಿ ಎಂಬುದು ನಮ್ಮ ಆಗ್ರಹ.

ಕರೆಂಟಿನ ವಿಷಯ: ಕರೆಂಟ್ ಹೋದರೆ ರೂಟರ್ ಆರುತ್ತದೆ, ಫೈಬರ್‌ಗೆ ಏನೂ ಆಗಿರುವುದಿಲ್ಲ. ರೂಟರ್ ಒಂದನ್ನೇ ನಡೆಸುವ 12 ವೋಲ್ಟಿನ ಸಣ್ಣ ಬ್ಯಾಟರಿಯನ್ನು ಕಂತಿನ ಮೇಲೆ ಕೊಡುತ್ತೇವೆ. ಇನ್ವರ್ಟರ್ ಇರುವವರಿಗೆ ಇದು ಬೇಕಿಲ್ಲ.

ಸಾಫ್ಟ್‌ವೇರ್ ಕೆಲಸ ಮನೆಯಿಂದಲೇ ಮಾಡುವವರಿಗೆ 100 ಎಂಬಿಪಿಎಸ್ ನಿಜವಾಗಿಯೂ ಬೇಕಿದ್ದರೆ ಕಚೇರಿಗೆ ತಿಳಿಸಿ. ಅಂಥ ಮನೆಗಳನ್ನು ಬಿಡಿಯಾಗಿ ನೋಡುತ್ತೇವೆ. ನಿಮ್ಮ ಪಕ್ಕದ ಮನೆಯವರು ಸಣ್ಣ ಪ್ಲಾನ್ ತೆಗೆದುಕೊಳ್ಳಲು ಯೋಚಿಸುತ್ತಿದ್ದರೆ ಒಂದು ಸಂಜೆ ನಿಮ್ಮ ಮನೆಯಲ್ಲೇ ಅವರಿಗೆ ತೋರಿಸಿ. ನಮ್ಮ ಹುಡುಗಿಯರೂ ಬೇಕೆಂದರೆ ಹಿಂದಿನ ದಿನ ಹೇಳಿದರೆ ಬರುತ್ತಾರೆ. ಈ ಬದಲಾವಣೆಯ ಬಗ್ಗೆ ಆಕ್ಷೇಪವಿದ್ದರೆ ಪಾಡ್ಯದ ಹಿಂದಿನ ಭಾನುವಾರ ಬೆಳಗ್ಗೆ ಹತ್ತಕ್ಕೆ ಕಚೇರಿಗೆ ಬನ್ನಿ, ಖರ್ಚಿನ ಪುಸ್ತಕ ಮೇಜಿನ ಮೇಲೆ ಇಟ್ಟಿರುತ್ತೇವೆ.

ಇತಿ ನಿಮ್ಮ ವಿಶ್ವಾಸಿಗಳು,
ಕೇಬಲ್ ಮತ್ತು ಇಂಟರ್ನೆಟ್ ಕಚೇರಿಯ ಬಳಗ