ಶ್ರೀನಿವಾಸಪುರದ ಮಂಗಳವಾರಗಳಿಗೆ ಒಂದು ಥ್ಯಾಂಕ್ಸ್

ನಮ್ಮಣ್ಣನ ಕುಡಿತಕ್ಕೆ ಚಿಕಿತ್ಸೆ ಶುರುವಾಗಿ ವರ್ಷದ ಮೇಲಾಯಿತು. ಈ ಸಲದ ಯುಗಾದಿ ಮುಗಿದು ಹೊಸತೊಡಕೂ ದಾಟಿತು. ಹೊಸತೊಡಕು ಅಂದರೆ ಏನು ಅಂತ ಕೋಲಾರದ ಕಡೆಯವರಿಗೆ ಹೇಳಬೇಕಾಗಿಲ್ಲ. ಬೆಳಗ್ಗೆ ಮಟನ್ ಅಂಗಡಿ ಮುಂದೆ ಸಾಲು, ಮಧ್ಯಾಹ್ನ ಇಸ್ಪೀಟು, ಸಂಜೆಗೆ ಎಣ್ಣೆ. ಅವತ್ತು ಅಣ್ಣ ಸಾರು ಮತ್ತೆ ಹಾಕಿಸಿಕೊಂಡು, ಮುದ್ದೆ ಉಂಡು, ಮಕ್ಕಳ ಜೊತೆ ಟಿವಿ ನೋಡಿ ಮಲಗಿದ. ಇನ್ನು ಬರೆಯಬಹುದು ಅನಿಸಿತು.

ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿ, ಆದರೆ ಹೆಸರು ಹಾಕಬೇಡ" ಅಂದ. "ಊರಿಗೆಲ್ಲ ಗೊತ್ತಿರೋದನ್ನ ಇನ್ನು ಯಾರಿಂದ ಮುಚ್ಚಿಡೋದು?" ಅಂತ ಅತ್ತಿಗೆ ನಕ್ಕರು. ಆದರೂ ಹಾಕುತ್ತಿಲ್ಲ. ಸಹಾಯ ಮಾಡಿದವರಲ್ಲೂ ಸುಮಾರು ಜನ ಹೆಸರು ಬೇಡ ಅಂದಿದ್ದಾರೆ. ಓದಿದರೆ ಅವರಿಗೇ ಗೊತ್ತಾಗುತ್ತದೆ.

ನಾವು ಶ್ರೀನಿವಾಸಪುರ ತಾಲ್ಲೂಕಿನವರು. ನಾನು ಊರಿನ ಹಾಲಿನ ಡೈರಿಯಲ್ಲಿ ಲೆಕ್ಕ ಬರೆಯುತ್ತೇನೆ. ನನ್ನನ್ನು ಕೊಟ್ಟಿದ್ದೂ ಅದೇ ಊರಿಗೆ, ತವರುಮನೆ ಎರಡು ಬೀದಿ ಆಚೆ. ಅಣ್ಣ ಟಾಟಾ ಏಸ್ ಓಡಿಸುತ್ತಾನೆ. ಟೊಮೆಟೊ ತುಂಬಿಕೊಂಡು ರಾತ್ರಿ ಹೊರಟು ಕೋಲಾರದ ಎಪಿಎಂಸಿಗೆ ಹಾಕುವುದು ಅವನ ಕೆಲಸ. ನಮ್ಮಪ್ಪ ಸಾರಾಯಿ ಪ್ಯಾಕೆಟ್ ಕಾಲದವರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಾಗ ಅಮ್ಮ ಗಂಗಮ್ಮನಿಗೆ ತಂಬಿಟ್ಟಿನ ದೀಪ ಹೊತ್ತಿದ್ದರು. ಸಾರಾಯಿ ಹೋಯಿತು, ಆ ಜಾಗಕ್ಕೆ 90 ಎಂಎಲ್ ಟೆಟ್ರಾ ಪ್ಯಾಕ್ ಬಂತು. ಅಣ್ಣ ಅದನ್ನು ಹಿಡಿದ. ಮೊದಮೊದಲು ಟ್ರಿಪ್ ಮುಗಿದ ಮೇಲೆ, ಆಮೇಲೆ ಹೊರಡುವ ಮುಂಚೆ, ಕೊನೆಕೊನೆಗೆ ಎದ್ದ ತಕ್ಷಣ, ಕೈ ನಡುಕ ನಿಲ್ಲಿಸೋಕೆ. ಬೆಳಗ್ಗೆ ಆರಕ್ಕೆ ಯಾವ ವೈನ್ ಶಾಪೂ ತೆಗೆದಿರಲ್ಲ. ಆದರೆ ಎಲ್ಲಿ ಸಿಗುತ್ತದೆ ಅಂತ ಊರಿನ ಮಕ್ಕಳಿಗೂ ಗೊತ್ತು. ಅದನ್ನು ಬರೆಯಲು ಹೋದರೆ ಇದು ಥ್ಯಾಂಕ್ಸ್ ಹೇಳುವ ಬರಹ ಆಗಲ್ಲ, ಬಿಡಿ.

ಮೊದಲ ಥ್ಯಾಂಕ್ಸ್ ನಮ್ಮೂರಿನ ಗುರುಸ್ವಾಮಿಗೆ. ಅಣ್ಣ ಪ್ರತಿ ವರ್ಷ ಅಯ್ಯಪ್ಪನ ಮಾಲೆ ಹಾಕುತ್ತಿದ್ದ. ಮಾಲೆ ಇರುವಷ್ಟು ದಿನ ಮುಟ್ಟುತ್ತಿರಲಿಲ್ಲ. ಇಳಿಸಿದ ರಾತ್ರಿಯೇ ಶುರು. ನಮಗೂ ಅದೊಂದೇ ಆಸೆ, ಸ್ವಾಮಿ ಹೆಸರಲ್ಲಾದರೂ ಒಂದು ವರ್ಷ ಹಾಗೇ ನಿಲ್ಲಲಿ ಅಂತ. ಆದರೆ ಹೋದ ಸಲ ಮಾಲೆ ಹಾಕಿದ ಎರಡನೇ ದಿನ ಪೂಜೆ ಹೊತ್ತಿಗೆ ಫಿಟ್ಸ್ ಬಂತು. ಕಣ್ಣು ಮೇಲೆ ಹೋಯಿತು, ಕೈಕಾಲು ಸೆಟೆದುಕೊಂಡವು. ಯಾರೋ ಬೀಗದ ಕೈ ತಂದು ಮುಷ್ಟಿಯಲ್ಲಿ ಇಟ್ಟರು. ಇನ್ಯಾರೋ ಗಾಳಿ ಸೋಕಿದೆ ಅಂದರು. ಗುರುಸ್ವಾಮಿ ಎಲ್ಲರನ್ನೂ ಹಿಂದಕ್ಕೆ ತಳ್ಳಿ, ಅಣ್ಣನನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿದರು. ಬಾಯಿಗೆ ನೀರು ಹಾಕಲು ಬಿಡಲಿಲ್ಲ. ಅಲುಗಾಟ ನಿಂತ ಮೇಲೆ ತಾವೇ ಮಾಲೆ ತೆಗೆದು ಜೇಬಿಗೆ ಹಾಕಿಕೊಂಡರು. "ಸ್ವಾಮಿ ಎಲ್ಲೂ ಹೋಗಲ್ಲ, ಶಬರಿಮಲೆನೂ ಎಲ್ಲೂ ಹೋಗಲ್ಲ. ಮೊದಲು ಗಾಡಿ ತೆಗೀರಿ" ಅಂದರು. ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಗೆ ಅವರೇ ಕರೆದುಕೊಂಡು ಹೋದರು, ಕಪ್ಪು ಪಂಚೆಯಲ್ಲೇ.

ದಿನಾ ಜಾಸ್ತಿ ಕುಡಿಯುವವರು ದಿಢೀರನೆ ನಿಲ್ಲಿಸಿದರೆ ಹೀಗಾಗಬಹುದು ಅಂತ ನಮಗೆ ಗೊತ್ತಾಗಿದ್ದು ಅಲ್ಲಿಯೇ. ಕೊನೆಯ ಲೋಟ ಇಳಿಸಿದ ಕೆಲವೇ ಗಂಟೆಗಳಲ್ಲಿ ನಡುಕ, ಬೆವರು ಶುರುವಾಗುತ್ತದೆ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನ ಆದ ಮೇಲೆ ಕೆಲವರಿಗೆ ಬುದ್ಧಿ ಕಲಸಿಹೋಗುತ್ತದೆ. ನಮ್ಮಣ್ಣನಿಗೆ ಅದೂ ಆಯಿತು. ಮೂರನೇ ರಾತ್ರಿ ವಾರ್ಡಿನ ಗೋಡೆ ಮೇಲೆ ಇಲ್ಲದ ಹುಳಗಳನ್ನು ಆರಿಸುತ್ತಿದ್ದ. ತೀರಿಹೋದ ಅಪ್ಪನ ಜೊತೆ ತೆಲುಗಿನಲ್ಲಿ ಟೊಮೆಟೊ ರೇಟು ಮಾತಾಡಿದ. ನಗುವುದೋ ಅಳುವುದೋ ಗೊತ್ತಾಗಲಿಲ್ಲ. ಇದಕ್ಕೆ ಚಿಕಿತ್ಸೆ ಕೊಡದೆ ಬಿಟ್ಟರೆ ಜೀವಕ್ಕೇ ಅಪಾಯ ಅಂತ ಡಾಕ್ಟರ್ ಆಮೇಲೆ ಹೇಳಿದರು. ಮನೆಯಲ್ಲಿ ಕೂಡಿಹಾಕಿ ಕುಡಿತ ಬಿಡಿಸುತ್ತೇವೆ ಅನ್ನುವವರು ಇದೊಂದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಆ ರಾತ್ರಿ ಡ್ಯೂಟಿಯಲ್ಲಿದ್ದ ಸಿಸ್ಟರ್‌ಗೆ ಏನು ಹೇಳಲಿ? ಅಣ್ಣ ಅವರನ್ನು ಬಾಯಿಗೆ ಬಂದಂತೆ ಬೈದ. ಅವರು ಡ್ರಿಪ್ ಸೂಜಿ ಕಿತ್ತುಹೋಗದಂತೆ ಅವನ ಕೈ ಹಿಡಿದುಕೊಂಡೇ ನಿಂತಿದ್ದರು. "ಊರಲ್ಲಿ ಸುಸ್ತು ಅಂದರೆ ಗ್ಲೂಕೋಸ್ ಹಾಕಿಸ್ತೀವಲ್ಲ, ಇಲ್ಲಿ ಯಾಕೆ ಮೊದಲು ಬೇರೆ ಇಂಜೆಕ್ಷನ್?" ಅಂತ ನಾನು ಅಂಥ ಹೊತ್ತಲ್ಲೂ ಕೇಳಿದೆ. ಅದು ಬಿ1 ವಿಟಮಿನ್, ಥಯಾಮಿನ್ ಅಂತ. ಕುಡಿಯುವವರ ಮೈಯಲ್ಲಿ ಅದು ಬರಿದಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟು ಬೀಳಬಹುದು ಅಂತ ನಿಧಾನವಾಗಿ ಬಿಡಿಸಿ ಹೇಳಿದರು. ಇನ್ನೊಬ್ಬರಾಗಿದ್ದರೆ "ಸುಮ್ನೆ ಕೂತ್ಕೊಳಮ್ಮ" ಅನ್ನುತ್ತಿದ್ದರು.

ಡಿಸ್ಚಾರ್ಜ್ ಮಾಡುವಾಗ ಡಾಕ್ಟರ್ ಇನ್ನೊಂದು ಮಾತು ಹೇಳಿದರು. ಇಲ್ಲಿ ಆಗಿದ್ದು ಮೈಯಿಂದ ವಿಷ ಇಳಿಸಿದ್ದು ಮಾತ್ರ, ಕುಡಿಯಬೇಕು ಅನ್ನುವ ಸೆಳೆತಕ್ಕೆ ಚಿಕಿತ್ಸೆ ಇನ್ನು ಮುಂದೆ ಅಂತ. ಎಲ್ಲಿಗೆ ಹೋಗುವುದು ಅನ್ನುವ ಪ್ರಶ್ನೆ ಬಂದಿದ್ದು ಆಗ.

ನೆಂಟರೆಲ್ಲ ಒಂದೊಂದು ಹೇಳಿದರು. ಚಿಂತಾಮಣಿ ಕಡೆಯ ಚಿಕ್ಕಪ್ಪ ಒಂದು ಖಾಸಗಿ ಸೆಂಟರಿನ ನಂಬರ್ ಕೊಟ್ಟರು. ಫೋನ್ ಮಾಡಿದರೆ, ವಿಳಾಸ ಹೇಳಿ ಸಾಕು, ನಾಲ್ಕು ಜನ ಬಂದು ಎತ್ತಿಕೊಂಡು ಹೋಗುತ್ತೇವೆ ಅಂದರು. ಮೂರು ತಿಂಗಳು ಮನೆಯವರು ಮುಖ ನೋಡುವ ಹಾಗಿಲ್ಲ. ದುಡ್ಡು ಮೊದಲೇ ಪೂರ್ತಿ ಕಟ್ಟಬೇಕು. ಡಾಕ್ಟರ್ ಯಾರು ಬರುತ್ತಾರೆ ಅಂದರೆ ಉತ್ತರ ಇಲ್ಲ. ಫಿಟ್ಸ್ ಬಂದಿತ್ತು ಅಂದರೆ "ಅದೆಲ್ಲ ನಾವು ನೋಡ್ಕೋತೀವಿ" ಅಂದರು. ಅಮ್ಮ ಒಡವೆ ಅಡವಿಡಲು ಆಗಲೇ ಪೆಟ್ಟಿಗೆ ತೆಗೆದಿದ್ದರು.

ಅದು ನಿಂತಿದ್ದು ನಮ್ಮೂರಿನ ಆಶಾ ಕಾರ್ಯಕರ್ತೆ ಅಕ್ಕನಿಂದ. "ಮೊದಲು 14416ಕ್ಕೆ ಫೋನ್ ಮಾಡು, ಆಮೇಲೆ ಒಡವೆ" ಅಂದರು. ಅದು ಟೆಲಿ ಮಾನಸ್ ಸಹಾಯವಾಣಿ, ಸರ್ಕಾರದ್ದು, 2022ರಲ್ಲಿ ಶುರುವಾಗಿದ್ದು. ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಡೈರಿಯ ಹಿಂದಿನ ಕೋಣೆಯಲ್ಲಿ ಹಾಲಿನ ಕ್ಯಾನುಗಳ ಮಧ್ಯೆ ನಿಂತು ಮಾತಾಡಿದೆ. ಆ ಕಡೆಯ ಹುಡುಗಿ ಒಂದು ಸಲವೂ ಅವಸರ ಮಾಡಲಿಲ್ಲ. ಅವಳ ಹೆಸರೂ ನನಗೆ ಗೊತ್ತಿಲ್ಲ. ಇಂಥ ಸೆಂಟರುಗಳು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿರಬೇಕು ಅಂತ ಅವಳೇ ಹೇಳಿದ್ದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಕುಡಿತ, ಡ್ರಗ್ಸ್‌ನಿಂದ ಬರುವ ತೊಂದರೆಗಳಿಗೂ ಅನ್ವಯ ಆಗುತ್ತದೆ. ಅದರ ಪ್ರಕಾರ ಸರಪಳಿ ಹಾಕುವ ಹಾಗಿಲ್ಲ, ಬಲವಂತವಾಗಿ ತಲೆ ಬೋಳಿಸುವ ಹಾಗಿಲ್ಲ. ಫೋನಲ್ಲಿ ಮನೆಯವರ ಜೊತೆ ಮಾತಾಡುವ ಹಕ್ಕು ಒಳಗಿರುವವರಿಗೆ ಇದೆ. ನೋಂದಣಿ ಪತ್ರ ತೋರಿಸಿ ಅಂತ ಆ ಸೆಂಟರಿಗೆ ಇನ್ನೊಂದು ಸಲ ಫೋನ್ ಮಾಡಿದೆ. ಆಮೇಲೆ ಅವರು ನನ್ನ ನಂಬರ್ ಎತ್ತಲಿಲ್ಲ. ಅವರಿಗೂ ಒಂದು ಥ್ಯಾಂಕ್ಸ್ ಹೇಳಬೇಕೇನೋ!

ಕೊನೆಗೆ ಹೋಗಿದ್ದು ಬೆಂಗಳೂರಿನ ನಿಮ್ಹಾನ್ಸ್‌ಗೆ. ಅಲ್ಲಿ ಮದ್ಯ ಮತ್ತು ಮಾದಕ ವಸ್ತುಗಳ ವ್ಯಸನಕ್ಕೆ ಅಂತಲೇ ಬೇರೆ ಕೇಂದ್ರ ಇದೆ. ಎಸ್‌ಎನ್‌ಆರ್‌ನ ಡಿಸ್ಚಾರ್ಜ್ ಚೀಟಿ, ಬಿಪಿಎಲ್ ಕಾರ್ಡು, ಆಧಾರ್ ಹಿಡಿದುಕೊಂಡು ಬೆಳಗಿನ ಬಸ್ಸಿಗೆ ಹೊರಟೆವು. ಅಣ್ಣ ದಾರಿಯುದ್ದಕ್ಕೂ ಕಿಟಕಿ ಕಡೆ ಮುಖ ಮಾಡಿ ಕೂತಿದ್ದ. ಅಡ್ಮಿಟ್ ಆದಾಗ ಜೊತೆಗೆ ಇದ್ದವರು ನಮ್ಮ ಮನೆಯವರು. ಬಾಮೈದ ಅಂತ ಮುಖ ಸಿಂಡರಿಸದೆ, ಹೊಲದ ಕೆಲಸ ಬಿಟ್ಟು, ಅವನ ಮಂಚದ ಪಕ್ಕದಲ್ಲೇ ಇದ್ದರು. ಮನೆಗೆ ಬಂದ ಮೇಲೆ ಒಂದು ದಿನವೂ ಅದನ್ನು ಎತ್ತಿ ಆಡಿಲ್ಲ. ಅವರಿಗೆ ಇಲ್ಲಿ ಹೇಳದಿದ್ದರೆ ಇನ್ನೆಲ್ಲಿ ಹೇಳಲಿ.

ಶ್ರೀನಿವಾಸಪುರದ ಮೆಡಿಕಲ್ ಶಾಪಿನ ಅಣ್ಣನಿಗೂ ಒಂದು ನಮಸ್ಕಾರ. ಕುಡಿತ ಬಿಡಿಸುವ ಪುಡಿ, ಗೊತ್ತಾಗದ ಹಾಗೆ ಸಾರಲ್ಲಿ ಬೆರೆಸಿ ಅಂತ ಗೋಡೆ ಮೇಲೆಲ್ಲ ಬರೆದಿರುತ್ತಾರಲ್ಲ, ಅಮ್ಮ ಅಂಥದ್ದೇನಾದರೂ ಇದ್ದರೆ ಕೊಡಪ್ಪ ಅಂತ ಅವರನ್ನು ಕೇಳಿದ್ದರಂತೆ. ಅವರು ಕೊಡಲಿಲ್ಲ. ಡೈಸಲ್ಫಿರಾಮ್ ಅನ್ನುವ ಮಾತ್ರೆ ಇದೆ, ಅದನ್ನು ನುಂಗಿ ಮೇಲೆ ಕುಡಿದರೆ ಮುಖ ಕೆಂಪಾಗಿ, ವಾಂತಿ ಆಗಿ, ಎದೆ ಹೊಡೆದುಕೊಂಡು, ಬಿಪಿ ಬಿದ್ದುಹೋಗಬಹುದು, ಗೊತ್ತಿಲ್ಲದೆ ಕೊಟ್ಟರೆ ಮಗನನ್ನೇ ಕಳಕೊಳ್ತೀಯಮ್ಮ ಅಂತ ಕೂರಿಸಿ ಹೇಳಿ ಕಳಿಸಿದ್ದಾರೆ. ಡಾಕ್ಟರೂ ಅದನ್ನೇ ಹೇಳಿದರು. ಬೇರೆ ಮಾತ್ರೆಗಳೂ ಇವೆ. ಲಿವರ್, ಕಿಡ್ನಿ ಪರೀಕ್ಷೆ ಮಾಡಿ, ಯಾವುದು ಯಾರಿಗೆ ಅಂತ ನೋಡಿ ಬರೆಯುತ್ತಾರೆ. ಅಣ್ಣನಿಗೆ ಏನು ಕೊಟ್ಟರೂ ಅವನಿಗೆ ಹೇಳಿ, ಅವನು ಒಪ್ಪಿದ ಮೇಲೆಯೇ ಕೊಟ್ಟರು.

ಈಗ ಮಂಗಳವಾರದ ವಿಷಯಕ್ಕೆ ಬರುತ್ತೇನೆ. ಪ್ರತಿ ಸಲ ಬೆಂಗಳೂರಿಗೆ ಹೋಗಬೇಕು ಅಂದಿದ್ದರೆ ಅಣ್ಣ ಖಂಡಿತ ಬಿಟ್ಟುಬಿಡುತ್ತಿದ್ದ. ಒಂದು ದಿನದ ಬಾಡಿಗೆ ಹೋದಂತೆ ಅಲ್ವಾ? ಆದರೆ ಮನೋಚೈತನ್ಯ ಅಂತ ಒಂದು ಕಾರ್ಯಕ್ರಮ ಇದೆ. ಅದರಲ್ಲಿ ಮನೋರೋಗ ತಜ್ಞರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಬರುತ್ತಾರೆ. ಶ್ರೀನಿವಾಸಪುರದ ಆಸ್ಪತ್ರೆ ಮುಂದೆ ನಾನು ಎಷ್ಟು ವರ್ಷ ಓಡಾಡಿದ್ದೇನೆ, ಇದು ಗೊತ್ತೇ ಇರಲಿಲ್ಲ. ಹೊರರೋಗಿ ಚೀಟಿ ಮಾಡಿಸಿ, ಬೆಂಚಿನ ಮೇಲೆ ಕೂತು, ಡಾಕ್ಟರ್ ಮೇಡಂ ನೋಡಿದ ಮೇಲೆ ಮಾತ್ರೆ ತೆಗೆದುಕೊಂಡು, ಮಧ್ಯಾಹ್ನದ ಊಟಕ್ಕೆ ಮನೆಗೆ. ಪಕ್ಕದಲ್ಲಿ ಕೂತವರಲ್ಲಿ ನಿದ್ದೆ ಬಾರದ ಅಜ್ಜಿ ಇರುತ್ತಾರೆ, ಫಿಟ್ಸ್ ಇರುವ ಮಗು ಇರುತ್ತದೆ. ಯಾರೂ ಯಾರನ್ನೂ ತಿರುಗಿ ನೋಡಲ್ಲ.

ಮಧ್ಯದಲ್ಲಿ ಒಂದು ಸಲ ಜಾರಿದ್ದೂ ಉಂಟು. ಮುಳಬಾಗಿಲಿನಲ್ಲಿ ನೆಂಟರ ಮನೆ ತಿಥಿಗೆ ಹೋದವನು ಕುಡಿದು ಬಂದ. ಅತ್ತಿಗೆ ಆ ರಾತ್ರಿ ನಮ್ಮ ಮನೆಗೆ ಬಂದು ಕೂತರು, ಏನೂ ಮಾತಾಡಲಿಲ್ಲ. ಮುಂದಿನ ಮಂಗಳವಾರ ಅಣ್ಣ ತಾನೇ ಎದ್ದು ಆಸ್ಪತ್ರೆಗೆ ಹೋದ. ಮೇಡಂ ಬೈಯಲಿಲ್ಲ. ಸಕ್ಕರೆ ಕಾಯಿಲೆಯವರಿಗೆ ಒಂದು ತಿಂಗಳು ಶುಗರ್ ಏರಿದರೆ ಔಷಧಿ ನಿಲ್ಲಿಸಿ ಓಡಿಸುತ್ತೇವಾ ಅಂತ ಕೇಳಿದರಂತೆ. ಯಾರ ಜೊತೆ, ಎಷ್ಟು ಹೊತ್ತಿಗೆ, ಊಟ ಆಗಿತ್ತಾ, ನಿದ್ದೆ ಆಗಿತ್ತಾ ಅಂತ ಒಂದೊಂದಾಗಿ ಕೇಳಿ ಬರೆದುಕೊಂಡರು. ಮೇಡಂ, ಅವತ್ತು ನೀವು ಒಂದು ಮಾತು ಜೋರಾಗಿ ಆಡಿದ್ದರೂ ಅವನು ಮತ್ತೆ ಬರುತ್ತಿರಲಿಲ್ಲ. ಅವನ ಸ್ವಭಾವ ನನಗೆ ಗೊತ್ತು.

ಮಂಡಿ ಸಾಹುಕಾರರು ಕೆಲಸ ಬಿಡಿಸಲಿಲ್ಲ. ಬಾಡಿಗೆ ದುಡ್ಡು ಅವನ ಕೈಗೆ ಕೊಡುವ ಬದಲು ಅತ್ತಿಗೆಗೆ ಫೋನ್‌ಪೇ ಮಾಡಿದರು. ಹಾಗೆ ಮಾಡಿ ಅಂತ ಹೇಳಿದ್ದು ಅಣ್ಣನೇ.

ಎಎ ಮೀಟಿಂಗಿಗೆ ಅವನನ್ನು ಕರೆದುಕೊಂಡು ಹೋದವರು ಕೆಜಿಎಫ್ ಕಡೆಯ ಒಬ್ಬರು ಹಿರಿಯರು. ಆಲ್ಕೊಹಾಲಿಕ್ಸ್ ಅನಾನಿಮಸ್ ಅಂದರೆ ಕುಡಿತ ಬಿಡಬೇಕು ಅನ್ನುವವರೇ ಸೇರಿ ತಮ್ಮ ಕಥೆ ಹೇಳಿಕೊಳ್ಳುವ ಜಾಗ. 1935ರಲ್ಲಿ ಅಮೆರಿಕದ ಆಕ್ರನ್ ಅನ್ನುವ ಊರಲ್ಲಿ ಒಬ್ಬ ಷೇರು ವ್ಯವಹಾರದವರು, ಒಬ್ಬ ಡಾಕ್ಟರು ಶುರು ಮಾಡಿದ್ದು. ಇಬ್ಬರೂ ಕುಡಿತದಲ್ಲಿ ಮುಳುಗಿದ್ದವರೇ. ಫೀಸ್ ಇಲ್ಲ, ಹೆಸರು ಹೊರಗೆ ಹೇಳುವ ಹಾಗಿಲ್ಲ. ಮನೆಯವರಿಗೆ ಅಲ್-ಅನಾನ್ ಅಂತ ಬೇರೆ ಗುಂಪು. ಅತ್ತಿಗೆ ಮೊದಲು "ನಾನ್ಯಾಕೆ ಹೋಗಲಿ, ಕುಡಿದಿದ್ದು ಅವರು" ಅಂದಿದ್ದರು. ಈಗ ಮೀಟಿಂಗ್ ದಿನ ನನಗೆ ಕೋಳಿ ನೋಡಿಕೋ ಅಂತ ಹೇಳಿ ಹೊರಡುತ್ತಾರೆ.

ಪಕ್ಕದ ಹೋಬಳಿಯವರು ಧರ್ಮಸ್ಥಳ ಯೋಜನೆಯವರ ಮದ್ಯವರ್ಜನ ಶಿಬಿರಕ್ಕೆ ಸೇರಿಸಿ ಅಂತ ಪ್ರೀತಿಯಿಂದ ಹೇಳಿದ್ದರು. ಎಂಟು ದಿನದ ಶಿಬಿರ, ಆಮೇಲೆ ಕುಡಿತ ಬಿಟ್ಟವರೇ ಸೇರುವ ನವಜೀವನ ಸಮಿತಿ. ಅಲ್ಲಿಂದ ಬಂದು ಚೆನ್ನಾಗಿರುವವರನ್ನು ನಾನು ನೋಡಿದ್ದೇನೆ. ಫಿಟ್ಸ್ ಬಂದಿದ್ದರಿಂದ ಅಣ್ಣನಿಗೆ ಆಸ್ಪತ್ರೆಯೇ ಮೊದಲು ಅಂತ ನಾವು ತೀರ್ಮಾನಿಸಿದೆವು. ಬೇಜಾರು ಮಾಡಿಕೊಳ್ಳಬೇಡಿ.

ಡೈರಿಗೆ ಹಾಲು ಹಾಕಲು ಬರುವ ಹೆಂಗಸರು ಈಗ ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಕರೆಯುತ್ತಾರೆ. "ನಿಮ್ಮಣ್ಣನ್ನ ಎಲ್ಲಿ ತೋರಿಸಿದ್ರಿ?" ಅಂತ. ಇಷ್ಟು ದಿನ ಅವರವರಿಗೆ ಹೇಳುತ್ತಿದ್ದೆ, ಈಗ ಎಲ್ಲರಿಗೂ. ಮಂಗಳವಾರ ತಾಲ್ಲೂಕು ಆಸ್ಪತ್ರೆ. ಕೋಲಾರಕ್ಕೆ ಹತ್ತಿರ ಇರುವವರಿಗೆ ಎಸ್‌ಎನ್‌ಆರ್, ಇಲ್ಲವೇ ಟಮಕದ ಜಾಲಪ್ಪ ಆಸ್ಪತ್ರೆ. ಫೋನಿಗೆ 14416. ಗಾಂಜಾ, ಮಾತ್ರೆ, ಇಂಜೆಕ್ಷನ್ ಅಂತ ಹುಡುಗರು ಹಾಳಾಗಿದ್ದರೆ ವ್ಯಸನಮುಕ್ತಿಗೆ ಅಂತಲೇ 14446 ಇದೆ. ದುಡ್ಡಿಲ್ಲದೆ ಸೇರಿಸಿಕೊಳ್ಳುವ ಕೇಂದ್ರ ಹತ್ತಿರದಲ್ಲಿ ಯಾವುದಿದೆ ಅಂತ ಅಲ್ಲಿ ಕೇಳಿ. ಒಬ್ಬರೇ ಹೋಗಲು ಮುಜುಗರ ಆದರೆ ನನಗೆ ಹೇಳಿ. ಸಂಜೆ ಹಾಲು ಅಳೆದು ಮುಗಿದ ಮೇಲೆ ನಾನು ಬಿಡುವಾಗಿಯೇ ಇರುತ್ತೇನೆ.

ಮತ್ತೆ ಎಸ್‌ಎನ್‌ಆರ್‌ನ ಸಿಸ್ಟರ್, ಹೋದ ವರ್ಷ ಒಂದು ಬಾಕ್ಸ್ ಬಾದಾಮಿ ಮಾವು ತಂದಾಗ ನೀವು ತೆಗೆದುಕೊಳ್ಳಲಿಲ್ಲ. ರೂಲ್ಸ್ ಇಲ್ಲಮ್ಮ ಅಂದಿರಿ. ವಾರ್ಡಿನವರಿಗೆಲ್ಲ ಹಂಚಿ ಬಂದೆವು. ಈ ಸಲವೂ ಕಾಯಿ ಚೆನ್ನಾಗಿ ಕಚ್ಚಿದೆ. ಹಣ್ಣಾದ ಮೇಲೆ ಅಣ್ಣನೇ ಗಾಡಿಯಲ್ಲಿ ತರುತ್ತಾನೆ. ವಾರ್ಡಿಗೆ ಅಂತಲೇ ತರುತ್ತಾನೆ, ನೀವು ಒಂದು ಹಣ್ಣು ಅಲ್ಲೇ ಕುಯ್ದು ತಿನ್ನಿ ಸಾಕು.